ಸ್ಪ್ಯಾನರಿಗೆ ರಜೆ, ಕಾರಿಗೆ ಕೆಮ್ಮು

ಅನಂತ: ಒಂದೇ ಒಂದು ಸ್ಪ್ಯಾನರು ಕೊಡೇ. ದೇವರಿಗೆ ಗೊತ್ತೂ ಆಗಲ್ಲ.

ಊರ್ಮಿಳಾ: ಆಗಲ್ಲ ರೀ. ಬೆಳಗ್ಗೆ ಪೂಜೆಗಿಟ್ಟಿದ್ದು, ನಾಳೆ ಮಂಗಳಾರತಿ ಆಗೋವರೆಗೂ ಮುಟ್ಟೋ ಹಾಗಿಲ್ಲ.

ಅನಂತ: ಕ್ಯಾಲಿಫೋರ್ನಿಯಾದಲ್ಲಿ ಕೂತು ಒಬ್ಬ ಎಂಜಿನಿಯರ್ ಹೆಂಡತಿ ಆಡೋ ಮಾತಾ ಇದು?

ಊರ್ಮಿಳಾ: ಲೇಬರ್ ಡೇಗೆ ನೀವು ಮೂರು ದಿನ ಮಲಗಿದ್ರಿ. ಇದು ನಿಮ್ಮ ಸ್ಪ್ಯಾನರಿನ ಲೇಬರ್ ಡೇ. ಮಲಗಲಿ ಬಿಡಿ.

ಸಾಂಟಾ ಕ್ಲಾರಾದ ಆ ಮನೆಯ ಗರಾಜಿನ ಮೂಲೆಯಲ್ಲಿ, ಬಾಳೆಯೆಲೆ ಸಿಗದೆ ಅಲ್ಯೂಮಿನಿಯಂ ಹಾಳೆಯ ಮೇಲೆ ಸ್ಪ್ಯಾನರುಗಳು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು. ಪಕ್ಕದಲ್ಲಿ ಅನಂತಪದ್ಮನಾಭನ ಕೆಂಪು ಕಾರು ಗಡಗಡ ನಡುಗುತ್ತ ಕೆಮ್ಮುತ್ತಿತ್ತು. ಇದು ಅಂಗಡಿಯಲ್ಲಿ ಕೊಂಡ ಕಾರಲ್ಲ. ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದದ್ದನ್ನು ಅವನೇ ಎರಡು ವರ್ಷದಿಂದ ಜೋಡಿಸುತ್ತಿದ್ದ. ಎಂಜಿನ್ನು ಕೂತದ್ದು ಮೊನ್ನೆ ಮೊನ್ನೆ. ಅಷ್ಟು ದಿನವೂ ಊರ್ಮಿಳಾ ಸವತಿಯ ಮನೆಯೆಂಬಂತೆ ಗರಾಜಿನ ಹೊಸ್ತಿಲು ದಾಟಿರಲಿಲ್ಲ. ಇವತ್ತು ಬೆಳಗ್ಗೆ ಪೂಜೆಗೆಂದು ಬಂದದ್ದೇ ಮೊದಲು.

ಅವಳ ಸಿಟ್ಟಿಗೂ ಕಾರಣವಿತ್ತು. ಅವಳ ಸಂಗೀತದ ಪಾಠಕ್ಕೆ ಮಕ್ಕಳು ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಒರಗಿ ಕೂರುತ್ತಿದ್ದರು. "ಆಯುಧಪೂಜೆಯ ದಿನ ಕಾರು ಬೀದಿಗಿಳಿಯದಿದ್ದರೆ ಮಾರಿಬಿಡ್ತೀನಿ, ಗರಾಜು ನಿನ್ನ ಪಾಠಕ್ಕೇ" ಎಂದು ಅನಂತ ತಾನಾಗಿಯೇ ಮಾತು ಕೊಟ್ಟಿದ್ದ. ಕೊಳ್ಳುವವನು ಇವತ್ತೇ ಸಂಜೆ ಗಿಲ್‌ರಾಯ್ ಊರಿನಿಂದ ಟ್ರಕ್ಕು ತರುವವನಿದ್ದ.

ಎಂಜಿನ್ನಿಗೆ ಕಿವಿಯಿಟ್ಟು ಬಗ್ಗಿದ್ದವನು ಹುಬ್ಬಳ್ಳಿಯ ವೀರಣ್ಣ, ಅನಂತನ ಆಫೀಸಿನ ಗೆಳೆಯ. ಪಾಪ, ಹಬ್ಬದೂಟಕ್ಕೆಂದು ಈಗಷ್ಟೇ ಬಂದವನು.

ವೀರಣ್ಣ: ಇದು ಟೈಮಿಂಗ್ ಬಿಟ್ಟೈತಿ ನೋಡಪಾ. ಅಕ್ಕಾರ, ಒಂದು ಸಣ್ಣ ಪಾನಾ ಕೊಡ್ರಿ.

ಊರ್ಮಿಳಾ: ಸಣ್ಣದಕ್ಕೂ ಕುಂಕುಮ ಹಚ್ಚಿದ್ದೀನಿ ವೀರಣ್ಣ.

ಅನಂತ: ಟೈಮಿಂಗ್ ಅಲ್ಲ ಕಣೋ. ನಾಲ್ಕು ಸಿಲಿಂಡರಲ್ಲಿ ಒಂದು ಕೆಲಸ ಮಾಡ್ತಿಲ್ಲ.

ಊರ್ಮಿಳಾ: ಈ ಮನೇಲಿ ಇಬ್ಬರಲ್ಲಿ ಒಬ್ಬರು ಕೆಲಸ ಮಾಡ್ತಿಲ್ಲ. ಆದ್ರೂ ಮನೆ ಓಡ್ತಿಲ್ವಾ?

ವೀರಣ್ಣ: ನಮ್ಮ ಆಫೀಸಿನ್ಯಾಗ ಆದ್ರ ಚಿಂತಿನೇ ಇಲ್ಲ. ಚಿಪ್ಪು ಕೆಟ್ರ ರಿಪೇರಿ ಮಾಡಂಗಿಲ್ಲ, ಒಗದು ಇನ್ನೊಂದು ತಗೊಳ್ಳೂದು.

ಅನಂತ: ಎಂಜಿನ್ ಎಸೀಲೇನೋ?

ಊರ್ಮಿಳಾ: ಟ್ರಕ್ಕು ಬರ್ತಾ ಇದೆಯಲ್ಲ. ಎಸೆಯೋ ಶ್ರಮ ಯಾಕೆ?

ಅನಂತ: ನಿನ್ನೆ ರಾತ್ರಿ ಬೆಣ್ಣೆ ಹಾಗೆ ಓಡ್ತು ಈ ಎಂಜಿನ್ನು. ರಾತ್ರಿಯಿಂದ ಈಚೆಗೆ ಇಲ್ಲಿ ನಡೆದಿದ್ದು ಒಂದೇ. ನಿನ್ನ ಪೂಜೆ!

ಊರ್ಮಿಳಾ: ಓಹೋ! ಪೂಜೆಗೆ ಶಕ್ತಿ ಇದೆ ಅಂತ ಒಪ್ಪಿಕೊಂಡ್ರಾ? ಭಾನುವಾರ ಕನ್ನಡ ಕೂಟದಲ್ಲಿ ಮೂಢನಂಬಿಕೆ ಮೇಲೆ ನಿಮ್ಮ ಭಾಷಣ ಇದೆಯಲ್ಲ, ಅಲ್ಲೂ ಹೇಳಿ.

ಅನಂತನ ಬನಿಯನ್ನಿಗೆಲ್ಲ ಮಸಿ, ಕಣ್ಣು ಗೋಡೆಯ ಗಡಿಯಾರದ ಮೇಲೆ. ಗೆದ್ದೆನಲ್ಲ ಎಂದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಊರ್ಮಿಳಾ ಆ ಮುಖ ನೋಡಿ ಕೈ ಇಳಿಸಿದಳು. ಗರಾಜು ಬೇಕಿತ್ತು, ನಿಜ. ಆದರೆ ಈ ಮುಖ ಇಟ್ಟುಕೊಂಡು ಓಡಾಡುವ ಗಂಡ ಬೇಕಿರಲಿಲ್ಲ. ಕಾರಿನ ಕೆಮ್ಮನ್ನು ಅವಳು ಮೊದಲ ಸಲ ಗಮನವಿಟ್ಟು ಕೇಳಿದಳು.

ಊರ್ಮಿಳಾ: ರೀ, ಇದಕ್ಕೆ ಉಸಿರು ಸಾಲ್ತಿಲ್ಲ. ನಮ್ಮ ಪಾಠದ ಹುಡುಗಿ ಜಲಜಾ ಬಾಯಲ್ಲಿ ಚಾಕ್ಲೇಟ್ ಇಟ್ಕೊಂಡು ಸರಳೆ ಹಾಡಿದ್ರೆ ಹೀಗೇ ಕೇಳ್ಸುತ್ತೆ. ಇದರ ಮೂಗು ಎಲ್ಲಿ?

ಅನಂತ: ಕಾರಿಗೆ ಎಲ್ಲಿ ಮೂಗು? ಕಾರ್ಬುರೇಟರ್ ಅಂತ ಇರುತ್ತೆ.

ವೀರಣ್ಣ: ಅಕ್ಕಾರು ಹೇಳೂದು ಖರೆ ಐತಿ. ಗಾಳಿ ಎಳಕೊಳ್ಳೂದು ಅದರಾಗಿಂದನ. ಫಿಲ್ಟರ್ ಇನ್ನೂ ಬಂದಿಲ್ಲ, ಬಾಯಿ ತೆರಕೊಂಡ ಕುಂತೈತಿ. ಮೊದಲ ಬಂದ್ ಮಾಡು.

ಎಂಜಿನ್ನು ನಿಂತಿತು. ವೀರಣ್ಣ ಟಾರ್ಚು ಹಿಡಿದು ಆ ಕೊಳವೆಯ ಗಂಟಲಲ್ಲಿ ಇಣುಕಿದ.

ವೀರಣ್ಣ: ಒಳಗ ಏನೋ ಸಿಕ್ಕೊಂಡೈತಿ. ತೆಗಿಯಾಕ ಏನರ ಬೇಕಲ್ಲ.

ಊರ್ಮಿಳಾ ಮುಡಿಯಿಂದ ಪಿನ್ನು ಕಿತ್ತಳು. ಅದನ್ನು ಯಾರೂ ಪೂಜೆಗಿಟ್ಟಿರಲಿಲ್ಲ. ಪಿನ್ನಿನ ತುದಿಗೆ ಸಿಕ್ಕಿ ಹೊರಬಂದದ್ದು ಪೆಟ್ರೋಲಿನಲ್ಲಿ ತೊಯ್ದ ಒಂದು ಚೆಂಡುಹೂವು.

ಅನಂತ: ನೋಡು! ನೋಡೋ ವೀರಣ್ಣ! ನಾನು ಹೇಳ್ಲಿಲ್ವಾ? ಇವಳು ಇಟ್ಟ ಹೂವು ಅಲುಗಾಟಕ್ಕೆ ಒಳಗೆ ಬಿದ್ದಿದೆ!

ಊರ್ಮಿಳಾ: ನಾನು ಹೂವಿಟ್ಟಿದ್ದು ಎಂಜಿನ್ ಮೇಲೆ.

ಅನಂತ: ಅದನ್ನೇ ನಾನೂ ಹೇಳ್ತಿರೋದು!

ಊರ್ಮಿಳಾ: ಅಲ್ರೀ, ಕಾರಿನ ಮುಂದುಗಡೆ ಇಟ್ಟೆ. ಹಾರ, ಕುಂಕುಮ, ಕರ್ಪೂರ ಎಲ್ಲಾ ಅಲ್ಲೇ. ಕಾರು ಅಂದ್ಮೇಲೆ ಎಂಜಿನ್ ಮುಂದೆ ಇರಬೇಕಲ್ವಾ? ಇದರದ್ದು ಹಿಂದಿದೆ ಅಂತ ನನಗೆ ಗೊತ್ತಾಗಿದ್ದೇ ಈಗ, ನೀವಿಬ್ರೂ ಇಲ್ಲಿ ಬಗ್ಗಿರೋದು ನೋಡಿ.

ವೀರಣ್ಣ ಹೋಗಿ ನೋಡಿ ಬಂದ. ಮುಂದಿನ ಮುಚ್ಚಳದ ಮೇಲೆ ಹಾರವಿತ್ತು, ಕುಂಕುಮವಿತ್ತು. ಅದರಡಿಯಲ್ಲಿ ಇದ್ದದ್ದು ಒಂದು ಸ್ಪೇರ್ ಟೈರು.

ವೀರಣ್ಣ: ಅಕ್ಕಾರ ಪೂಜಾ ಸ್ಟೆಪ್ನಿಗೆ ಮುಟ್ಟೈತಿ. ಹಂಗಾದ್ರ ಹಿಂದ ಈ ಹೂವ ಯಾರು ಇಟ್ರು? ನಾ ಅಂತೂ ಈಗ ಬಂದೀನಿ.

ಇಬ್ಬರೂ ಅನಂತನ ಕಡೆ ತಿರುಗಿದರು.

ಅನಂತ: ಗಾಳಿಗೆ ಹಾರಿ ಬಂದಿರಬಹುದು.

ಊರ್ಮಿಳಾ: ಕಾರು ಶುರು ಮಾಡೋವರೆಗೂ ಮುಚ್ಚಿದ್ದ ಗರಾಜಿಗೆ? ಎಂಜಿನ್ ಮೇಲೆ ಇಲ್ಲಿ ಹೆಬ್ಬೆರಳಲ್ಲಿ ಒತ್ತಿದ ಕುಂಕುಮಾನೂ ಗಾಳೀನೇ ಇಟ್ಟಿತಾ?

ಅನಂತ: ಅಲ್ಲಾ... ಹೊಸ ಎಂಜಿನ್ನು. ಒಂದು ಹೂವಿದ್ರೆ ಚೆನ್ನಾಗಿ ಕಾಣುತ್ತೆ ಅಂತ... ಡೆಕೊರೇಷನ್ನು!

ಊರ್ಮಿಳಾ: ಹೂಂ. ದೇವರಿಲ್ಲ ಅನ್ನೋರು ಇಟ್ಟ ಹೂವನ್ನ ಎಷ್ಟು ಭಕ್ತಿಯಿಂದ ಎಳ್ಕೊಂಡಿದೆ ನೋಡಿ ನಿಮ್ಮ ಎಂಜಿನ್ನು.

ಮತ್ತೆ ಕೀಲಿ ತಿರುಗಿತು. ಎರಡು ಸಲ ಕೆಮ್ಮಿದ ಎಂಜಿನ್ನು ಗಂಟಲು ಸರಿಮಾಡಿಕೊಂಡು ಶ್ರುತಿಗೆ ಕೂತಿತು. ಅನಂತನ ಮುಖ ಅರಳಿತು. ಚಕ್ರದಡಿಯ ನಿಂಬೆಹಣ್ಣನ್ನು ಜಜ್ಜಿಕೊಂಡು, ಕಾರು ಹಿಮ್ಮುಖವಾಗಿ ಬೀದಿಗಿಳಿಯಿತು. ಅನಂತ ಸುತ್ತಲಿನ ಬೀದಿಗಳನ್ನೊಂದು ಸುತ್ತು ಹಾಕಿ ಬಾಗಿಲಿಗೆ ಬಂದರೆ, ಗರಾಜಿನಲ್ಲಿ ಚಾಪೆ ಹಾಸಿತ್ತು.

ಅನಂತ: ಏನಿದು? ಕಾರು ಓಡ್ತು, ಗೆದ್ದಿದ್ದು ನಾನು!

ಊರ್ಮಿಳಾ: ಗೆದ್ರಿ. ಟ್ರಕ್ಕಿನವನಿಗೆ ಫೋನ್ ಮಾಡಿ ಬರಬೇಡ ಅಂದೆ. ಆದ್ರೆ ಓಡೋ ಕಾರು ಬೀದೀಲಿದ್ರೇ ಲಕ್ಷಣ. ಅಲ್ವಾ ವೀರಣ್ಣ? ಭಾನುವಾರ ಭಾಷಣಕ್ಕೆ ನೀವೂ ಬನ್ನಿ. ಕೊನೇಲಿ ನಾನೂ ಡೆಕೊರೇಷನ್ ಬಗ್ಗೆ ಎರಡು ಮಾತಾಡ್ತೀನಿ.

ಅನಂತ ಕಾರನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ.

ಅನಂತ: ಶ್ರುತಿಪೆಟ್ಟಿಗೆ ಎಲ್ಲಿಡಲೇ?