ಬೆಂಗಳೂರಿಂದ ಕೇದಾರ ಘಾಟ್‌ಗೆ ಮಡಿಯಲ್ಲಿ

ಈ ಸಲ ಒಂದಕ್ಷರ ಸುಳ್ಳಿಲ್ಲ ಡಾಕ್ಟ್ರೇ, ಗಂಗೆ ಮೇಲಾಣೆ. ಕಾಫಿ ಕುಡೀತಾ ಕೇಳಿ. ಕಾಶಿಯ ಈ ಬಂಗಾಲಿ ಟೋಲಾದಲ್ಲಿ ಯಾತ್ರಿಕರ ಲಾಡ್ಜ್ ನೋಡ್ಕೊಳ್ತಾ ಮೂವತ್ತು ವರ್ಷ ಆಯ್ತು. “ಕಾಶಿ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು?” ಅಂತ ಫೋನ್ ಮಾಡೋ ಬುದ್ಧಿವಂತರಿಗೆ ಬರವೇ ಇಲ್ಲ. ಹೋದ ತಿಂಗಳು ಸಿಕ್ಕಿದವನು ಮಾತ್ರ ನನ್ನ ಹೆಂಡತಿ ತಮ್ಮನೇ.

ಅಟ್ಲಾಸ್

ಭೂಗೋಳದ ಮೇಷ್ಟ್ರಾಗಿ ರಿಟೈರ್ ಆದವನು. ಅಪ್ಪನ ಶ್ರಾದ್ಧ ಕಾಶೀಲೇ ಮಾಡಬೇಕು ಅಂತ ಹಟ. ತಿಥಿ ದಿನ ಮಧ್ಯಾಹ್ನ ಮೂರರೊಳಗೆ ಪಿಂಡ ಇಡಬೇಕು ಅಂತ ನಮ್ಮ ಪುರೋಹಿತರು ಹೇಳಿದ್ರು.

“ಭಾವ, ಅಟ್ಲಾಸಲ್ಲಿ ಸ್ಕೇಲ್ ಇಟ್ಟು ಅಳೆದೆ. ಸಾವಿರದೈನೂರು ಕಿಲೋಮೀಟರ್, ಎರಡು ಗಂಟೆ. ಆರಕ್ಕೆ ಹೊರಟ್ರೆ ಎಂಟಕ್ಕೆ ಘಾಟ್ ಮೇಲಿರ್ತೀನಿ.”

“ವಿಮಾನ ನಿನ್ನ ಸ್ಕೇಲ್ ಮೇಲೆ ಓಡಲ್ಲಪ್ಪ. ಆ ದಿನ ನೇರ ವಿಮಾನ ಇಲ್ಲ, ದೆಹಲೀಲಿ ಇಳಿದು ಬೇರೆ ವಿಮಾನ ಹತ್ತಬೇಕು. ಒಂದು ದಿನ ಮುಂಚೆ ಬಾ.”

“ಬರಬಹುದು ಭಾವ. ಆದ್ರೆ ರಾತ್ರಿಯೆಲ್ಲ ನಿಮ್ಮ ಕಥೆ ಕೇಳಬೇಕಲ್ಲ!”

ಮುಟ್ಟಬೇಡ

ಇಲ್ಲಿ ಬಂದು ಸ್ನಾನ ಮಾಡಿ ಮಡಿ ಉಡೋಕೆ ಅರ್ಧ ಗಂಟೆ ದಂಡ ಅಂತ, ಮಹಾಶಯ ಮನೆಯಿಂದಲೇ ಮಡಿ ಪಂಚೆ ಉಟ್ಟು ಹೊರಟ. ಏರ್‌ಪೋರ್ಟಲ್ಲಿ ಪೊಲೀಸಪ್ಪ ತಪಾಸಣೆಗೆ ಕೈ ಚಾಚಿದ.

“ಮುಟ್ಟಬೇಡ, ಮಡಿ!”

ಮುಟ್ಟಬೇಡ ಅಂದವನನ್ನ ಪೊಲೀಸರು ಬಿಡ್ತಾರಾ? ಮೂರು ಜನ ಸೇರಿ ಮುಟ್ಟಿದ್ರು. ಮಡಿ ಕೆಟ್ಟಿತು. ಇವನು ಅಲ್ಲೇ ನಲ್ಲಿ ಕೆಳಗೆ ಕೂತು ಸ್ನಾನ ಮಾಡಿ, ಒದ್ದೆ ಪಂಚೇಲಿ ವಿಮಾನ ಹತ್ತಿದ. ದೆಹಲೀಲಿ ಮತ್ತೆ ತಪಾಸಣೆ, ಮತ್ತೆ ಸ್ನಾನ. ಅಷ್ಟರಲ್ಲಿ ಮಂಜು ಬಿದ್ದು ವಿಮಾನ ಒಂದೂವರೆ ಗಂಟೆ ಲೇಟು. ಅಷ್ಟು ಹೊತ್ತೂ ಯಾರಿಗೂ ತಾಗದ ಹಾಗೆ ಕಂಬದ ಪಕ್ಕ ಕೈ ಕಟ್ಟಿ ನಿಂತಿದ್ದ. ಯಾರೋ ಪುಣ್ಯಾತ್ಮರು ವಿಗ್ರಹ ಅಂದ್ಕೊಂಡು ನಮಸ್ಕಾರ ಹಾಕಿದ್ರಂತೆ.

ಕೊನೇ ಗಲ್ಲಿ

ಕಾಶೀಲಿ ಇಳಿದಾಗ ಒಂದು ಗಂಟೆ. ಆಟೋದವನು ಟ್ರಾಫಿಕ್ ಜಾಮಲ್ಲಿ ಸಿಕ್ಕಿ, ನಮ್ಮ ಗಲ್ಲಿ ಬಾಯಿಗೆ ತಂದು ಇಳಿಸಿದಾಗ ಎರಡೂವರೆ. ಕರ್ಕೊಂಡು ಹೋಗೋಕೆ ನಾನೇ ಅಲ್ಲಿ ನಿಂತಿದ್ದೆ. ನಾಲ್ಕು ಹೆಜ್ಜೆ ಹೋದ್ವಿ, ಗಲ್ಲಿ ಪೂರ್ತಿ ತುಂಬ್ಕೊಂಡು ಗೂಳಿ ಮಲಗಿದೆ. ದೇಶ ದಾಟಿ ಬಂದವನಿಗೆ ಗೂಳಿ ದಾಟೋಕಾಗಲಿಲ್ಲ.

“ಭಾವ, ಅಪ್ಪ ಕಾಯ್ತಿದಾರೆ” ಅಂತ ಅಳೋಕೇ ಶುರು ಮಾಡಿದ.

ಅಷ್ಟರಲ್ಲಿ ಹಿಂದಿನಿಂದ “ರಾಮ್ ನಾಮ್ ಸತ್ಯ ಹೈ!” ಹರಿಶ್ಚಂದ್ರ ಘಾಟ್‌ಗೆ ಹೊರಟ ಹೆಣ. ಗೂಳಿ ಥಟ್ಟನೆ ಎದ್ದು ಗೋಡೆಗೆ ಒರಗಿತು. ನನ್ನ ಭಾವಮೈದ ಮಡಿ ಗಿಡಿ ಮರೆತು, ಚಟ್ಟಕ್ಕೆ ಹೆಗಲು ಕೊಟ್ಟು, ಎಲ್ಲರಿಗಿಂತ ಜೋರಾಗಿ ಕೂಗ್ತಾ ಓಡಿದ. ಹೆಣ ಇಳಿಸಿ, ಗಂಗೇಲಿ ಮುಳುಗೆದ್ದು, ಪಕ್ಕದ ಕೇದಾರ ಘಾಟ್‌ಗೆ ಬಂದು ಪಿಂಡ ಇಟ್ಟಾಗ ಮೂರಕ್ಕೆ ಇನ್ನೂ ಎರಡು ನಿಮಿಷ ಇತ್ತು!

ಅಷ್ಟು ಬೇಗ ಹೇಗೆ ಅಂತೀರಾ? ಚಟ್ಟ ಕೆಳಗಿಳಿಸಿದ ತಕ್ಷಣ ಹೆಣವೇ ಕತ್ತೆತ್ತಿ, “ಇನ್ನು ಹತ್ತೇ ನಿಮಿಷ ಸ್ವಾಮಿ, ಓಡಿ ಓಡಿ” ಅಂತು.

ಡಾಕ್ಟ್ರು ಲೋಟ ಕೆಳಗಿಟ್ರು.

“ತಾತ, ಬನಾರಸಿನ ಹೆಣ ಕನ್ನಡದಲ್ಲಿ ಮಾತಾಡ್ತಾ?”

“ಏನ್ ಮಾಡೋದು ಡಾಕ್ಟ್ರೇ, ನನ್ನ ಭಾವಮೈದನಿಗೆ ಹಿಂದಿ ಬರಲ್ವಲ್ಲ!”