ಮೂರು ಸಲ ಶಾಂತಿ, ಆಮೇಲೆ ರೊಟ್ಟಿ

ದಿನಾ ದೇವರಲ್ಲಿ ಶಾಂತಿ ಬೇಡುವವರೆಲ್ಲ ಶಾಂತವಾಗಿಯೇ ಇರುತ್ತಾರೆಂದು ಯಾರೂ ತಿಳಿಯಬಾರದು. ನನ್ನನ್ನೇ ನೋಡಿ. ಕೊಲ್ಲಿ ನಾಡಿಗೆ ಬಂದು ಸೇರಿದ ನಮ್ಮ ಫರ್ವಾನಿಯಾದ ಈ ಪುಟ್ಟ ಫ್ಲ್ಯಾಟಿನಲ್ಲಿ ಫ್ರಿಜ್ ಪಕ್ಕದ ಹಲಗೆಯೇ ನನ್ನ ದೇವರ ಮನೆ. ಅಷ್ಟಾದರೂ ಜಾಗ ಸಿಕ್ಕಿತಲ್ಲ, ಅದು ಅವನ ದಯೆ. ಮೊದಲೆಲ್ಲ ಯಜಮಾನರು ಅರ್ದಿಯಾದ ಗೋದಾಮಿಗೆ, ಮಗಳು ಸಹನಾ ಶಾಲೆಗೆ ಹೋದ ಮೇಲೆ ಪೂಜೆಗೆ ಕೂರುತ್ತಿದ್ದೆ. ಕೊನೆಗೆ ಗಟ್ಟಿಯಾಗಿ ಮೂರು ಸಲ ‘ಶಾಂತಿ’ ಅಂದು ಎದ್ದು, ಸೆರಗು ಸಿಕ್ಕಿಸಿ, ಜೋಳದ ಹಿಟ್ಟು ನಾದಿ, ಅಡುಗೆಕಟ್ಟೆಯ ಮೇಲೆ ರೊಟ್ಟಿ ಬಡಿಯಲು ಶುರು ಮಾಡುತ್ತಿದ್ದೆ. ನಮ್ಮ ಗದಗದ ಕಡೆಯ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಅಂಗೈಯಿಂದ ಬಡಿಯಬೇಕು. ಕೊನೆಯ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಮನಸ್ಸಿನ ಸಿಟ್ಟೆಲ್ಲ ಹಿಟ್ಟಿಗೆ ಇಳಿದಿರುತ್ತಿತ್ತು.

ಆ ಕಟ್ಟೆಯ ಗೋಡೆಯಾಚೆ ಮಲಗುತ್ತಿದ್ದವಳು ಮರಿಯಾನಾ. ರೊಮೇನಿಯಾದ ನರ್ಸ್, ರಾತ್ರಿ ಪಾಳಿ, ಹಗಲು ನಿದ್ದೆ. ಒಂದು ಸಂಜೆ ಕೆಂಪು ಕಣ್ಣು ಮಾಡಿಕೊಂಡು ಬಾಗಿಲಿಗೆ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಸಹನಾ ಬಿದ್ದು ಬಿದ್ದು ನಕ್ಕಳು.

“ಮಮ್ಮಿ, ನೀ ದಿನಾ ಮೂರು ಸಲ ಶಾಂತಿ ಅಂತೀಯಲ್ಲ, ಅದರ ಮೀನಿಂಗ್ ಆಂಟಿ ಹಾಸ್ಪಿಟಲ್‌ನಾಗ ಕೇಳ್ಕೊಂಡಾರಂತ. ಶಾಂತಿ ಅಂದಮ್ಯಾಲೆ ಯಾರನ್ನ ಹೊಡೀತೀ ಅಂತ ಕೇಳ್ತಾರ!”

ಕೈಹಿಡಿದು ಒಳಗೆ ಕರೆದು ಒಂದು ರೊಟ್ಟಿ ಬಡಿದು ತೋರಿಸಿದೆ. ಪೆಟ್ಟು ತಿನ್ನುವವರು ಯಾರೆಂದು ತಿಳಿದು ಅವಳಿಗೆ ಸಮಾಧಾನವಾಯಿತು. ಆದರೆ ಸಮಾಧಾನದಿಂದ ನಿದ್ದೆ ಬರುತ್ತದೆಯೇ? ಮರುದಿನದಿಂದ ಚಪಾತಿ ಲಟ್ಟಿಸತೊಡಗಿದೆ. ಅವಳು ನಿದ್ದೆ ಮಾಡಿದಳು, ನಮ್ಮ ಮನೆ ಕೆಟ್ಟಿತು. ಚಮಚ ಬಿದ್ದರೂ ನಾನು ಹರಿಹಾಯುತ್ತಿದ್ದೆ. ಮಗಳು “ಕಾಮ್ ಡೌನ್, ಮಮ್ಮಿ” ಅನ್ನುವಳು, ಯಜಮಾನರು “ರಿಲ್ಯಾಕ್ಸ್, ರಿಲ್ಯಾಕ್ಸ್” ಅನ್ನುವರು. ಈ ಎರಡು ಮಾತು ಕೇಳಿ ತಣ್ಣಗಾದ ಹೆಂಗಸನ್ನು ನಾನಂತೂ ಕಂಡಿಲ್ಲ.

ಕೊನೆಗೆ ಯಜಮಾನರೇ ಸೋತರು. “ರೊಟ್ಟಿ ಬಡದರ ಆಕಿ ಒಬ್ಬಾಕಿಗೆ ನಿದ್ದಿಲ್ಲ. ಬಡೀದಿದ್ದರ ಈ ಮನ್ಯಾಗ ನಮಗಿಬ್ಬರಿಗೂ ಉಳಿಗಾಲ ಇಲ್ಲ. ಹೋಗಿ ಏನರ ಮಾತಾಡ ನಮ್ಮವ್ವ.”

ಮಗಳನ್ನು ದುಭಾಷಿಯಾಗಿ ಕರೆದುಕೊಂಡು ಹೋದೆ. ಶಾಂತಿ ಎಂಬುದಕ್ಕೆ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಮಾತನ್ನೆಲ್ಲ ಅವಳು ಸುರಿದಳು: ಕಾಮ್, ಕ್ವಯಟ್, ಪೀಸ್, ಟ್ರಾಂಕ್ವಿಲ್. ಮರಿಯಾನಾ ನಗುತ್ತ ತನ್ನ ಭಾಷೆಯ ಮಾತುಗಳನ್ನು ಹೇಳಿದಳು. ಸದ್ದಿಲ್ಲದ ಶಾಂತಿ ‘ಲಿನಿಶ್ತೆ’. ಜಗಳವಿಲ್ಲದ್ದು ‘ಪಾಚೆ’. ಯಾರೂ ಅವಸರ ಮಾಡದೆ, ನಮ್ಮ ಪಾಡಿಗೆ ನಮ್ಮನ್ನು ಉಣ್ಣಲು ಬಿಟ್ಟರೆ ಅದು ‘ತಿಹ್ನ’. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಮಾತೇ ಇಲ್ಲವಂತೆ. ನನಗೆ ಯಾವ ಭಾಷೆಯ ನೆರವೂ ಬೇಕಾಗಲಿಲ್ಲ. ಊರಲ್ಲಿ ಎಲ್ಲರ ಊಟವಾದ ಮೇಲೆ ನಮ್ಮವ್ವ ಒಲೆಯ ಮುಂದೆ ಕಾಲು ಚಾಚಿ ಕೂತು, ಉಳಿದ ರೊಟ್ಟಿಯನ್ನು ಮೆಲ್ಲಗೆ ಮುರಿಯುತ್ತಿದ್ದಳಲ್ಲ, ಅದೇ. ಮರಿಯಾನಾಳ ಅಜ್ಜಿ ಮೆಕ್ಕೆಜೋಳದ ಮುದ್ದೆಯನ್ನು ಹಲಗೆಯ ಮೇಲೆ ಮಗುಚಿ ದಾರದಿಂದ ಕತ್ತರಿಸುತ್ತಿದ್ದಳಂತೆ. ದಾರದಿಂದ, ಸದ್ದೇ ಇಲ್ಲದೆ! ಅಂಥ ಮನೆಯಲ್ಲಿ ಬೆಳೆದವಳ ಗೋಡೆಗೆ ದೇವರು ನನ್ನನ್ನು ತಂದು ಹಚ್ಚಿದ್ದ.

ಅಂದೇ ಒಂದು ಒಪ್ಪಂದವಾಯಿತು. ಸಂಜೆ ಡ್ಯೂಟಿಗೆ ಅಣಿಯಾದೊಡನೆ ಅವಳು ಗೋಡೆಗೆ ಟಕ್ ಟಕ್ ಅನ್ನಿಸಬೇಕು, ಆಮೇಲೆ ನನ್ನ ಕೈ. ರಾತ್ರಿಗೆ ಬಿಸಿ ರೊಟ್ಟಿ, ಮರುದಿನ ಮಧ್ಯಾಹ್ನಕ್ಕೆ ಒಣಗಿಸಿದ ಖಡಕ್ ರೊಟ್ಟಿ. ಹೀಗೆ ಹಗಲಿನ ಸದ್ದು ನನ್ನ ಕಟ್ಟೆಯಿಂದ ಯಜಮಾನರ ಹಲ್ಲಿಗೆ ವರ್ಗವಾಯಿತು. ಮರಿಯಾನಾ ಗೋಡೆ ತಟ್ಟಿದವಳೇ ನಮ್ಮ ಅಡುಗೆಮನೆಗೆ ಬಂದು, ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿಸಿಕೊಂಡು ನಿಂತೇ ತಿನ್ನುವಳು. ಕೆಳಗೆ ಆಸ್ಪತ್ರೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಕಣ್ಣು ಮುಚ್ಚಿ “ತಿಹ್ನ” ಅನ್ನುವಳು.

ಹೋದ ವರ್ಷ ಅವಳು ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟುಹೋದಳು. ಫ್ಲ್ಯಾಟ್ ಇನ್ನೂ ಖಾಲಿಯೇ ಇದೆ. ಈಗ ನಾನು ಯಾವಾಗ ಬೇಕಾದರೂ ರೊಟ್ಟಿ ಬಡಿಯಬಹುದು, ಕೇಳುವವರಿಲ್ಲ. ಆದರೂ ಸಂಜೆ ಹಿಟ್ಟು ನಾದಿಟ್ಟು ಗೋಡೆಯ ಕಡೆ ಕಿವಿ ಕೊಟ್ಟು ನಿಂತಿರುತ್ತೇನೆ. ಮೊನ್ನೆ ಟಕ್ ಟಕ್ ಅಂತು. ತಿರುಗಿದರೆ ಬಾಗಿಲ ಪಕ್ಕದ ಗೋಡೆಗೆ ಬೆರಳಿಟ್ಟು ಸಹನಾ ನಿಂತಿದ್ದಳು. “ಗೋ, ಮಮ್ಮಿ. ಡ್ಯಾಡಿ ಈಸ್ ಹಂಗ್ರಿ.”

ಬಡಿದೆ, ಖಾಲಿ ಗೋಡೆಗೆಲ್ಲ ಕೇಳುವಂತೆ ಬಡಿದೆ. ಈಗ ಪೂಜೆಯ ಕೊನೆಗೆ ಶಾಂತಿ ಅನ್ನುವಾಗ ದನಿ ತಾನಾಗಿಯೇ ತಗ್ಗುತ್ತದೆ. ದೇವರು ನನಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ. ಇದೊಂದನ್ನು ಮಾತ್ರ, ಮೂರು ಸಲ ಕೇಳಿದೆನೆಂದು, ಸ್ವಲ್ಪ ಜಾಸ್ತಿಯೇ ಕೊಟ್ಟುಬಿಟ್ಟ.