ದಪ್ಪ ಗಾಂಧಾರ

ಬಸವಕಲ್ಯಾಣದ ಹೈಸ್ಕೂಲಿನ ಸಂಗೀತ ಶಿಕ್ಷಕ ವೈಜನಾಥ ಮಾಸ್ತರರು ಹಾವಿಗೆ ಹೆದರಿದವರಲ್ಲ, ಹೆಡ್‌ಮಾಸ್ತರರಿಗೂ ಹೆದರಿದವರಲ್ಲ. (ಹೆಡ್‌ಮಾಸ್ತರರಿಗೆ ಸ್ವಲ್ಪ ಹೆದರುತ್ತಿದ್ದರು.) ಅಂಥವರ ಕೈಕಾಲು ಒಂದು ನೋಟೀಸು ಓದಿ ತಣ್ಣಗಾಗಿಬಿಟ್ಟವು. ಬರುವ ತಿಂಗಳು ಹುಮನಾಬಾದಿನಲ್ಲಿ ಪ್ರೌಢಶಾಲೆಗಳ ಗಾಯನ ಸ್ಪರ್ಧೆ. ಮಕ್ಕಳು ಮೈನರ್ ಸ್ಕೇಲ್, ಅಂದರೆ ಗ, ಧ, ನಿ ಮೂರನ್ನೂ ಕೆಳಗಿಳಿಸಿ ಕೋಮಲ ಮಾಡಿದ ಸ್ವರಗಳನ್ನು ಹಾಡಬೇಕು. ಯಾವ ವಾದ್ಯವೂ ಕೂಡದು.

ವಾದ್ಯ ಕೂಡದು ಎಂಬಲ್ಲಿಗೆ ಬಂದಾಗ ಮಾಸ್ತರರಿಗೆ ನೀರು ಬೇಕಾಯಿತು. ಹದಿನಾರು ವರ್ಷ ಸಂಗೀತ ಕಲಿಸಿದ ಈ ಮಹಾಶಯರ ಗಂಟಲಿಗೆ ಕೋಮಲ ಗಾಂಧಾರ ಹತ್ತುತ್ತಿರಲಿಲ್ಲ. ಕೆಳಗಿಳಿಸಲು ಹೋದಷ್ಟೂ ಆ ‘ಗ’ ಹಟ ಹಿಡಿದು ಮೇಲೇ ಕೂರುತ್ತಿತ್ತು. ಆದ್ದರಿಂದ ತರಗತಿಯಲ್ಲಿ ಹಾರ್ಮೋನಿಯಂ ಪೇಟಿಗೆ ಜೋರಾಗಿ ಗಾಳಿ ಹಾಕಿ, ತಾವು ಬಾಯಿ ಮಾತ್ರ ಆಡಿಸುತ್ತಿದ್ದರು. ಈ ರಹಸ್ಯ ಜಗತ್ತಿನಲ್ಲಿ ತಮ್ಮೊಬ್ಬರಿಗೇ ಗೊತ್ತು ಎಂದು ಅವರ ನಂಬಿಕೆ.

“ಈ ಸಲ ಬಹುಮಾನ ಬರಲಿಲ್ಲಂದ್ರ ಸಂಗೀತದ ಪಿರಿಯಡ್ ಗಣಿತಕ್ಕ ಕೊಡ್ತೀನ್ರಿ ಮಾಸ್ತರ,” ಎಂದು ಹೆಡ್‌ಮಾಸ್ತರರು ಬೇರೆ ಹೇಳಿದ್ದರು. “ನೀವು ಆಫೀಸಿನ್ಯಾಗ ಹಾಜರಿ ಬರಕೋತ ಕೂಡ್ರಿ.”

ಮನೆಗೆ ಬಂದವರೇ ಹೆಂಡತಿಯ ಮುಂದೆ ನಿಂತರು. ಲಲಿತಾಬಾಯಿ ಹುಮನಾಬಾದಿನ ಮಗಳು. ತವರಿನ ಭಜನೆ ಮೇಳದಲ್ಲಿ ಹಾಡಿ ಬೆಳೆದವಳು.

“ಲಲಿತಾ, ನನಗ ಜರಾ ಗಂಟಲು ಕೆಟ್ಟದ. ಹುಡುಗರಿಗೆ ನೀ ನಾಕು ದಿನ ಕಲಿಸ್ತೀ ಏನು?”

ಆಕೆ ಅವರ ಗಂಟಲನ್ನೇ ಒಂದು ಗಳಿಗೆ ನೋಡಿದಳು. ಬೈದಿದ್ದರೆ ಮಾಸ್ತರರಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಬರ್ಲಿ. ಆದ್ರ ನಾ ರೊಟ್ಟಿ ಬಿಟ್ಟು ಏಳಂಗಿಲ್ಲ.”

ಹೀಗಾಗಿ ಒಂಬತ್ತನೇ ತರಗತಿಯ ಎಂಟು ಮಕ್ಕಳು ದಿನಾ ಬೆಳಿಗ್ಗೆ ಏಳಕ್ಕೆ ಮಾಸ್ತರರ ಅಡುಗೆಮನೆಯಲ್ಲಿ ಸಾಲಾಗಿ ಕುಳಿತರು. ಲಲಿತಾಬಾಯಿ ಜೋಳದ ರೊಟ್ಟಿ ತಟ್ಟುತ್ತ ಹಾಡುವಳು. ‘ಗ’ ಬಂದಾಗ ಅಂಗೈಯಿಂದ ರೊಟ್ಟಿಗೆ ಒಂದು ಪೆಟ್ಟು, ತಪ್! ‘ಧ’ಕ್ಕೆ ಒಂದು, ‘ನಿ’ಗೆ ಒಂದು.

“ಆಯೆಷಾ, ನಿನ್ನ ಗ ಇನ್ನಾ ದಪ್ಪ ಆಗ್ಯದವ್ವಾ. ತಟ್ಟಿ ತೆಳ್ಳಗ ಮಾಡು. ನನ್ನ ಕೈ ನೋಡು.”

ಆಯೆಷಾ ಕೈ ನೋಡಿದಳು. ಪೆಟ್ಟು ಬಿತ್ತು, ಸ್ವರ ಇಳಿಯಿತು. ಮೂರು ವಾರದಲ್ಲಿ ಎಂಟೂ ಮಕ್ಕಳು ಆಕೆಯನ್ನು ಟೀಚರನ್ನು ಕರೆಯುವಂತೆ ‘ಅಕ್ಕೋರು’ ಎನ್ನತೊಡಗಿದರು. ಮಾಸ್ತರರು ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದರು. (ಮೇಲ್ವಿಚಾರಣೆ ಎಂದು ಅದಕ್ಕೆ ಹೆಸರು.)

ಸ್ಪರ್ಧೆಯ ದಿನ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಲಲಿತಾಬಾಯಿ, “ನೀವು ನಡೀರಿ, ನಾ ನಮ್ಮವ್ವಗ ಮಾತಾಡ್ಸಿ ಬರ್ತೀನಿ,” ಎಂದು ತವರಿನ ದಾರಿ ಹಿಡಿದಳು.

ಸಭಾಂಗಣ ತುಂಬಿತ್ತು. ಎದುರಿಗೆ ತೀರ್ಪುಗಾರ ಅಬ್ದುಲ್ ಕರೀಂ ಸಾಹೇಬರು, ಬಿಳಿ ಗಡ್ಡ, ಮುಚ್ಚಿದ ಕಣ್ಣು. ಪಕ್ಕದಲ್ಲಿ ಹೆಡ್‌ಮಾಸ್ತರರು. ಮಕ್ಕಳು ಸಾ ಹಿಡಿದರು, ರೇ ಹಿಡಿದರು. ‘ಗ’ ನೆಟ್ಟಗೆ ಮೇಲೆ ಹೋಗಿ ಕುಳಿತಿತು. ಸಾಹೇಬರ ಒಂದು ಕಣ್ಣು ತೆರೆಯಿತು. ಮಕ್ಕಳು ಗಾಬರಿಯಾಗಿ ಸುಮ್ಮನಾದರು.

“ಸರ್,” ಆಯೆಷಾ ಪಿಸುಗುಟ್ಟಿದಳು, “ರೊಟ್ಟಿ! ರೊಟ್ಟಿ ಕಾಣವಲ್ದು!”

ಮಾಸ್ತರರ ಕಣ್ಣ ಮುಂದೆ ಹಾಜರಿ ಪುಸ್ತಕಗಳು ಬಂದು ನಿಂತವು. ಇನ್ನು ಮಾನ ನೋಡಿಕೊಂಡರೆ ಪಿರಿಯಡ್ ಉಳಿಯುವುದಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ವೇದಿಕೆ ಏರಿ, ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೆಲದ ಹಲಗೆಗೆ ಅಂಗೈಯಿಂದ ತಪ್ ಎಂದು ಬಡಿದರು.

“ಹಿಂಗಲ್ರಿ ಸರ್, ಜರಾ ತಿರುಗಿಸ್ಕೋತ!” ಎಂದಳು ಆಯೆಷಾ.

ತಿರುಗಿಸಿಕೊಳ್ಳುತ್ತ ತಟ್ಟಿದರು.

“ಮಾಸ್ತರ, ವಾದ್ಯ ಕೂಡದಂತ ಬರ್ದದಲ್ಲ?” ಸಾಹೇಬರು ಕೇಳಿದರು.

“ವಾದ್ಯ ಅಲ್ರಿ ಸಾಹೇಬ್ರ,” ಮಾಸ್ತರರು ತಟ್ಟುತ್ತಲೇ ಹೇಳಿದರು, “ರೊಟ್ಟಿ.”

ಸಾಹೇಬರು ನಿಯಮದ ಹಾಳೆಯನ್ನು ಹಿಂದೆ ಮುಂದೆ ತಿರುವಿದರು. “ರೊಟ್ಟಿ ಬ್ಯಾಡಂತ ಎಲ್ಲೂ ಬರ್ದಿಲ್ಲ. ನಡೀಲಿ.”

ತಪ್! ‘ಗ’ ಇಳಿಯಿತು. ತಪ್, ತಪ್! ಧ ಇಳಿಯಿತು, ನಿ ಇಳಿಯಿತು. ಎಂಟು ಕೊರಳು ಒಂದೇ ಆಗಿ ಹಾಡಿದಾಗ ಮಾಸ್ತರರಿಗೇ ಕಣ್ಣು ತುಂಬಿತು. ಸಾಹೇಬರು ಮೊದಲ ಬಹುಮಾನ ಸಾರಿ, ಮೈಕನ್ನು ಪ್ರೀತಿಯಿಂದ ಮಾಸ್ತರರ ಬಾಯಿಗೆ ಹಿಡಿದರು.

“ಇಂಥಾ ಗಾಂಧಾರ ಕಲಿಸಿದ ಗಂಟಲು ಕೇಳಬೇಕಲ್ಲ. ಒಮ್ಮೆ ಹಾಡ್ರಿ.”

ಪೇಟಿ ಇರಲಿಲ್ಲ.

“ನನಗ ಬರಂಗಿಲ್ರಿ!” ಮೈಕಿನಲ್ಲಿ ಇಡೀ ಹುಮನಾಬಾದಿಗೆ ಕೇಳಿಸಿತು. “ಕಲ್ಸಿದ್ದು ನನ್ನ ಹೆಂಡ್ತಿ.”

ಹಿಂದಿನ ಸಾಲಿನಿಂದ ಜೋರಾಗಿ ಚಪ್ಪಾಳೆ ಕೇಳಿತು. ಲಲಿತಾಬಾಯಿಯ ತವರಿನ ಭಜನೆ ಮೇಳ ಪೂರ್ತಿ ಬಂದು ಕುಳಿತಿತ್ತು, ನಡುವೆ ಆಕೆ.

ವಾಪಸು ಬಸ್ಸಿನಲ್ಲಿ ಮಾಸ್ತರರು ಕೇಳಿದರು, “ನನಗ ಗ ಬರಂಗಿಲ್ಲಂತ ನಿನಗ ಯಾವಾಗಿಂದ ಗೊತ್ತಿತ್ತು?”

“ನನ್ನ ನೋಡಾಕ ಬಂದಿದ್ರಲ್ಲ, ಆಗಿಂದ. ಪೇಟಿ ನಿಂತ ಮ್ಯಾಲ ಭೀ ನಿಮ್ಮ ಬಾಯಿ ಆಡಾಕತ್ತಿತ್ತು.”

ಪಿರಿಯಡ್ ಉಳಿಯಿತು. ಆದರೆ ಬೆಳಗಿನ ಪಾಠ ಅಕ್ಕೋರ ಹತ್ತಿರವೇ ಆಗಬೇಕೆಂದು ಹೆಡ್‌ಮಾಸ್ತರರ ಅಪ್ಪಣೆಯಾಯಿತು. ಈಗ ಮಕ್ಕಳು ಇಪ್ಪತ್ತು ಜನ. ಲಲಿತಾಬಾಯಿ ಎದ್ದು ನಿಂತು, ಕೈ ಬೀಸಿ ಹಾಡಿಸುತ್ತಾಳೆ. ಒಲೆಯ ಮುಂದೆ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಮಾಸ್ತರರು ತಟ್ಟುತ್ತಾರೆ. ಆಗಾಗ ಆಕೆ ಹಾಡು ನಿಲ್ಲಿಸಿ ರೊಟ್ಟಿ ತಟ್ಟುವ ಪರಾತಿನ ಕಡೆ ಬಗ್ಗಿ ನೋಡುತ್ತಾಳೆ.

“ರೀ, ಇದು ಭೀ ದಪ್ಪ ಆಗ್ಯದ. ಜರಾ ಕೋಮಲ ಮಾಡ್ರಿ.”